ತಂದ ಸಾಲವನ್ನು ತಿರುಗಿಸುವುದು ಯಾವಾಗ?

ಮೊನ್ನೆ ಮುಂಬೈಯ ಭಾಂಡುಪ್‌ನ ಸ್ಟೇಷನರಿ ಅಂಗಡಿಯಲ್ಲಿ ಮೂರನೆಯ ತರಗತಿಯ ‘ಪ್ರಾಜೆಕ್ಟ್’ ಸಿದ್ಧವಾಗಿಯೇ ಮಾರಾಟಕ್ಕಿರುವುದನ್ನು ಕಂಡು ಮನಸ್ಸಿಗೆ ಬಹಳ ನೋವಾಯಿತು. ನನ್ನ ಮೊಮ್ಮಗಳ ತರಗತಿಯ ಅನೇಕ ಮಕ್ಕಳು ಅದನ್ನೇ ಕೊಂಡು, ಮೇಲೆ ಹೆಸರು ಬರೆದು ಒಪ್ಪಿಸಿದ್ದಾರೆ. ಉಳಿದವರದನ್ನು ತಾಯಂದಿರು ರಾತ್ರಿ ಹನ್ನೊಂದರವರೆಗೆ ಕುಳಿತು ಅಂಟಿಸಿದ್ದಾರೆ. ಮಗುವಿನ ಕೈ ತಾಗದ ಈ ಕೆಲಸಕ್ಕೆ ‘ಮಾಡಿ ಕಲಿ’ ಎಂಬ ಹೆಸರು ಸಲ್ಲದು.

ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಕಲಿಸುತ್ತಿದ್ದಾಗ, ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ವಿಜಯಪುರಗಳಿಂದ ಬಂದವರ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚಾಗಿದ್ದರು. 43ರಿಂದ 17 ಕಳೆಯುವಾಗ, ಎಲ್ಲರಂತೆ ನಾನೂ ‘ಪಕ್ಕದ ಮನೆಯಿಂದ ಸಾಲ ತರಬೇಕು’ ಎಂದೇ ಹೇಳಿಕೊಡುತ್ತಿದ್ದೆ. ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಟೀಚರ್, ತಂದ ಸಾಲ ತಿರುಗಿ ಯಾವಾಗ ಕೊಡೂದು?” ಎಂದು ಕೇಳಿದಳು. ಸಾಲವೆಂದರೇನೆಂದು ಮನೆಯಲ್ಲಿ ಕಂಡಿದ್ದ ಮಗು ಅದು; ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಐಸ್‌ಕ್ರೀಮ್ ಕಡ್ಡಿಗಳನ್ನೂ ರಬ್ಬರ್ ಬ್ಯಾಂಡುಗಳನ್ನೂ ಒಯ್ದು, ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಹತ್ತರ ನಾಲ್ಕು ಕಟ್ಟುಗಳನ್ನೂ ಮೂರು ಬಿಡಿ ಕಡ್ಡಿಗಳನ್ನೂ ಪ್ರತಿ ಗುಂಪಿಗೂ ಕೊಟ್ಟೆ. ಮೂರರಲ್ಲಿ ಏಳನ್ನು ತೆಗೆಯಲಾಗದೆ ಮಕ್ಕಳು ತಮ್ಮತಮ್ಮಲ್ಲೇ ವಾದಿಸಿದರು, ಕೊನೆಗೆ ಒಂದು ಕಟ್ಟನ್ನು ಬಿಚ್ಚಿದರು. ಹದಿಮೂರು ಬಿಡಿಗಳಲ್ಲಿ ಏಳು ಹೋಗಿ ಆರು, ಮೂರು ಕಟ್ಟುಗಳಲ್ಲಿ ಒಂದು ಹೋಗಿ ಎರಡು ಉಳಿದವು. “ಸಾಲ ಅಲ್ಲ ಟೀಚರ್, ನಮ್ಮ ಪೆಂಡಿನೇ ಬಿಚ್ಚೀವಿ” ಎಂದಳು ಅದೇ ಹುಡುಗಿ. ಅಂದಿನಿಂದ ನಾನು ಸಾಲದ ಮಾತು ಬಿಟ್ಟೆ.

ಗುಂಪು ಮಾಡಿದರೆ ಚುರುಕಾದ ಒಬ್ಬನೇ ಎಲ್ಲವನ್ನೂ ಮಾಡಿ ಮುಗಿಸುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಅದಕ್ಕಾಗಿ, ಮಾಡಿದ್ದನ್ನು ಯಾರು ವಿವರಿಸಬೇಕೆಂಬುದನ್ನು ಕೆಲಸ ಮುಗಿದ ಮೇಲೆ ನಾನೇ ಆರಿಸುತ್ತಿದ್ದೆ. ಯಾರ ಹೆಸರು ಬಂದೀತೆಂದು ತಿಳಿಯದ ಕಾರಣ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಲೇಬೇಕಾಗುತ್ತಿತ್ತು. ನನ್ನೆದುರು ಬಾಯಿ ಬಿಡದ ಮಗುವೂ ಗೆಳತಿಯ ಬಳಿ ತನ್ನ ಮನೆಮಾತಿನಲ್ಲಿ ಧೈರ್ಯವಾಗಿ ಕೇಳುತ್ತಿತ್ತು.

ಇದು ನನ್ನೊಬ್ಬಳ ಶೋಧವೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಸಹಪಾಠಿಗಳ ಬೆಂಬಲದಿಂದ ಕಲಿಯುವ ಗುಂಪಿಗೆ ಪ್ರತ್ಯೇಕ ಸ್ಥಾನವೇ ಇದೆ. ಪುಣೆಯಲ್ಲಿ, ಆಟಿಕೆಗಳ ಮೂಲಕ ವಿಜ್ಞಾನ ಕಲಿಸಿದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನಂತಹ ಅಗ್ಗದ ವಸ್ತುಗಳಿಂದಲೇ ಜ್ಯಾಮಿತಿಯ ಆಕೃತಿಗಳನ್ನು ಮಕ್ಕಳ ಕೈಯಲ್ಲಿ ಕಟ್ಟಿಸಿ ತೋರಿಸಿದ್ದಾರೆ. ಕೊರತೆ ಇರುವುದು ಹಣದ್ದಲ್ಲ, ಸಮಯದ್ದು. ಜೊತೆಗೆ, ಗದ್ದಲವಿರುವ ತರಗತಿಯನ್ನು ಕಂಡರೆ ಪಾಠ ನಡೆಯುತ್ತಿಲ್ಲವೆಂದು ಭಾವಿಸುವ ಹಿರಿಯರ ಸಹನೆಯದ್ದು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಮೀರಿ ಮಕ್ಕಳನ್ನು ತುಂಬಿದ ಕೋಣೆಯಲ್ಲಿ ಇದು ಕಷ್ಟವೇ ಸರಿ.

ಬರುವ ಶನಿವಾರ ಮೊಮ್ಮಗಳ ಶಾಲೆಯಲ್ಲಿ ಪಾಲಕರ ಸಭೆಯಿದೆ. ಪ್ರಾಜೆಕ್ಟನ್ನು ಮನೆಗೆ ಕಳುಹಿಸುವ ಬದಲು ವಾರಕ್ಕೆ ಎರಡು ಪೀರಿಯಡ್ ತರಗತಿಯಲ್ಲೇ ಮಾಡಿಸಿರೆಂದು ಕೇಳಲಿದ್ದೇನೆ. ಕಡ್ಡಿಗಳ ಪೊಟ್ಟಣವನ್ನೂ ಜೊತೆಗೆ ಒಯ್ಯುತ್ತೇನೆ.