ಹೊರಗಿನ ಸ್ವಿಚ್ ಎಳೆದ ಮೇಲೂ ಮನೆಯಲ್ಲಿ ಕರೆಂಟ್ ಇದ್ದರೆ?

ಇವತ್ತು ಇಲ್ಲೇ ಅಮೆರಿಕದಲ್ಲಿರುವ ಗೆಳೆಯರೊಬ್ಬರ ಮನೆಯ ಹೊಸ ಜನರೇಟರ್ ನೋಡಿ ಬಂದೆ. ಬಂದಾಗಿನಿಂದ ತಲೆ ಬಿಸಿಯಾಗಿದೆ. ಇಂಥದ್ದನ್ನು ನೋಡಿ ಸುಮ್ನಿರೋಕೆ ನನಗೆ ಆಗುವುದಿಲ್ಲ.

ಮೀಟರ್ ಪಕ್ಕ ಹೊರಗೋಡೆಗೆ ಹೊಸ ಸ್ವಿಚ್ ಹಾಕಿದ್ದಾರೆ. ಕೆಂಪು ಲೇಬಲ್ ಮೇಲೆ ಬಿಳಿ ಅಕ್ಷರದಲ್ಲಿ ಎಮರ್ಜೆನ್ಸಿ ಡಿಸ್ಕನೆಕ್ಟ್ ಅಂತ ಬರೆದಿದೆ, ಅಂದರೆ ತುರ್ತಿನಲ್ಲಿ ಹೊರಗಿನಿಂದಲೇ ಮನೆಯ ಕರೆಂಟ್ ತೆಗೆಯುವ ಸ್ವಿಚ್. ಚೆನ್ನಾಗಿದೆ. ಆದರೆ ಜನರೇಟರ್ ಇರುವುದು ಮನೆಯ ಹಿಂದೆ. ಅದನ್ನು ನಿಲ್ಲಿಸಬೇಕಾದರೆ ಬೀಗ ಹಾಕಿದ ಮುಚ್ಚಳ ತೆಗೆಯಬೇಕು. ಹಿಂದೆ ಜನರೇಟರ್ ಇದೆ ಅಂತ ಮೀಟರ್ ಹತ್ತಿರ ಒಂದು ಸಾಲೂ ಬರೆದಿಲ್ಲ. ಹಾಕಿದವರನ್ನು ಕೇಳಿದರೆ, "ಕೋಡ್ (ವೈರಿಂಗ್ ನಿಯಮ) ಕೇಳುವ ಸ್ವಿಚ್ ಹಾಕಿದ್ದೇವೆ" ಅನ್ನುವ ಉತ್ತರ.

ಆ ಸ್ವಿಚ್ ಯಾರಿಗಾಗಿ ಅಂತ ಯೋಚಿಸಿದ್ದಾರಾ? ಮನೆಗೆ ಬೆಂಕಿ ಬಿದ್ದಾಗ ಒಳಗೆ ನೀರು ಹಾಯಿಸುವ ಫೈರ್ ಸಿಬ್ಬಂದಿಗಾಗಿ. ಹಿಂದೆ ಅವರು ಕರೆಂಟ್ ತೆಗೆಯಲು ಮೀಟರನ್ನೇ ಕಿತ್ತುಬಿಡುತ್ತಿದ್ದರು. ಲೋಡ್ ಇರುವಾಗ ಮೀಟರ್ ಕಿತ್ತರೆ ಮುಖಕ್ಕೇ ಕಿಡಿ ಹಾರಬಹುದು. ಅದಕ್ಕೇ ಅಮೆರಿಕದ ವೈರಿಂಗ್ ಕೋಡ್ ಆದ ಎನ್‌ಇಸಿಯ 2020ರ ಆವೃತ್ತಿ, ಒಂದು ಅಥವಾ ಎರಡು ಕುಟುಂಬದ ಮನೆಗಳಿಗೆ ಹೊರಗಡೆ, ಸುಲಭವಾಗಿ ಕೈಗೆ ಸಿಗುವ ಕಡೆ ಈ ಸ್ವಿಚ್ ಇರಲೇಬೇಕು ಎಂದಿತು. ನಿಯಮದ ಸಂಖ್ಯೆ 230.85.

ಈಗ ಆ ಸಿಬ್ಬಂದಿಯ ಜಾಗದಲ್ಲಿ ನಿಂತು ನೋಡಿ. ಸ್ವಿಚ್ ಎಳೆದರು. ಮನೆ ಕತ್ತಲಾಯಿತು. ಧೈರ್ಯವಾಗಿ ಒಳಗೆ ಹೋದರು. ಆದರೆ ಕರೆಂಟ್ ಹೋದಾಗ ಮನೆಯನ್ನು ತಾನಾಗಿ ಜನರೇಟರಿಗೆ ಬದಲಿಸುವ ಟ್ರಾನ್ಸ್‌ಫರ್ ಸ್ವಿಚ್‌ಗೆ ಬೆಂಕಿಯ ವಿಷಯ ಗೊತ್ತಿಲ್ಲ. ವಿದ್ಯುತ್ ಕಂಪನಿಯ ಕರೆಂಟ್ ಹೋಯಿತು ಅಂತಷ್ಟೇ ಅದಕ್ಕೆ ಗೊತ್ತು. ಕೆಲವೇ ಸೆಕೆಂಡಿನಲ್ಲಿ ಜನರೇಟರ್ ಸ್ಟಾರ್ಟ್ ಆಗುತ್ತದೆ, ಅದೇ ವೈರುಗಳಿಗೆ ಮತ್ತೆ ಕರೆಂಟ್ ಬರುತ್ತದೆ. ಕರೆಂಟ್ ಇಲ್ಲ ಅಂತ ನಂಬಿ ಹೋದ ಮನುಷ್ಯ ಒದ್ದೆ ನೆಲದ ಮೇಲೆ ನಿಂತಿರುತ್ತಾನೆ. ಇದು ಯಂತ್ರದ ದೋಷ ಅಲ್ಲ. ಅದನ್ನು ಮಾಡಿರುವುದೇ ಹಾಗೆ ಕೆಲಸ ಮಾಡಲಿ ಅಂತ.

ಕೋಡ್ ಇದನ್ನೂ ಯೋಚಿಸಿದೆ. ಅದೇ 2020ರ ಆವೃತ್ತಿಯಲ್ಲಿ, ಕಾಯಂ ಕೂರಿಸಿದ ಜನರೇಟರಿಗೆ ಮನೆಯ ಹೊರಗೆ, ಸುಲಭವಾಗಿ ಸಿಗುವ ಕಡೆ ಎಮರ್ಜೆನ್ಸಿ ಶಟ್‌ಡೌನ್ ಬೇಕು ಅಂತ ಇದೆ. ಮನೆಗೆ ಕರೆಂಟ್ ಕೊಡುವ ಬ್ಯಾಟರಿಗೂ ಅಂಥದ್ದೇ ನಿಯಮ, 706.15ರಲ್ಲಿ. ಇವು ಹೊರಗಿನ ಆ ಎಮರ್ಜೆನ್ಸಿ ಸ್ವಿಚ್ ಪಕ್ಕದಲ್ಲಿ ಇಲ್ಲದಿದ್ದರೆ ಎಲ್ಲೆಲ್ಲಿವೆ ಅಂತ ಅಲ್ಲೇ ಫಲಕ ಹಾಕಬೇಕು. ಒಂದು ಫಲಕ! ಅದಕ್ಕೂ ಚೌಕಾಸಿ ಯಾಕೆ?

"ಹೊರಗೆ ಸ್ವಿಚ್ ಇಟ್ಟರೆ ಯಾರಾದರೂ ಬಂದು ಆಫ್ ಮಾಡಿ ಹೋಗ್ತಾರೆ" ಅಂತ ಒಂದು ವಾದ ಇದೆ. ಕ್ಯಾಲಿಫೋರ್ನಿಯಾ, ಅರಿಜೋನಾದಲ್ಲಿ ಎಷ್ಟೋ ಮನೆಗಳ ಮೇನ್ ಪ್ಯಾನಲ್ಲೇ ದಶಕಗಳಿಂದ ಹೊರಗೋಡೆಯ ಮೇಲಿದೆ. ಜನ ಬದುಕಿಲ್ವಾ? ಖರ್ಚಿನ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಹೊರಗಿನ ಸ್ವಿಚ್ಚನ್ನೇ ಸರ್ವಿಸ್ ಡಿಸ್ಕನೆಕ್ಟ್ (ಮನೆಯ ಮೇನ್ ಸ್ವಿಚ್) ಮಾಡಿದರೆ ನ್ಯೂಟ್ರಲ್ ಮತ್ತು ಅರ್ತ್ ಸೇರಿಸುವ ಜಾಗವೂ ಅಲ್ಲಿಗೇ ಹೋಗುತ್ತದೆ. ಒಳಗಿನ ಪ್ಯಾನಲ್‌ಗೆ ಮೂರರ ಬದಲು ನಾಲ್ಕು ವೈರ್ ಎಳೆಯಬೇಕು. ದುಡ್ಡು ಜಾಸ್ತಿ ಆಗುತ್ತದೆ. ಆದರೆ ನಾನು ಕೇಳುತ್ತಿರುವುದು ಜನರೇಟರ್ ನಿಲ್ಲಿಸುವ ಒಂದು ಬಟನ್ ಮತ್ತು ಒಂದು ಫಲಕ. ಇಡೀ ಕೆಲಸದ ಬಿಲ್ಲಿನಲ್ಲಿ ಅದು ಎಷ್ಟರದ್ದು?

ನಿಜ ಹೇಳಬೇಕೆಂದರೆ, ಕರೆಂಟ್ ಬಂದ್ ಆಗಿದೆ ಅಂತ ನಂಬಿ ಮುಟ್ಟುವ ಕೈಗಳ ಬಗ್ಗೆ ನನಗೆ ಯಾವಾಗಲೂ ಭಯ. ಆ ನಂಬಿಕೆಯನ್ನು ಸುಳ್ಳು ಮಾಡುವ ಕೆಲಸವನ್ನು ನಾನು ಅರ್ಧ ಕೆಲಸ ಅಂತ ಕರೆಯಲಾರೆ. ಅದು ಏನೂ ಮಾಡದೇ ಇರುವುದಕ್ಕಿಂತ ಕೆಟ್ಟದ್ದು.

ಜನರೇಟರ್ ಅಥವಾ ಬ್ಯಾಟರಿ ಹಾಕಿಸುವವರು ಸಹಿ ಹಾಕುವ ಮೊದಲೇ ಕೇಳಿ: ಹೊರಗಿನ ಸ್ವಿಚ್ ಎಳೆದ ಮೇಲೆ ಇದು ತಾನಾಗಿ ಶುರುವಾಗುತ್ತದಾ? ಹಾಗೆ ಶುರುವಾಗುವುದಾದರೆ ಅದನ್ನು ನಿಲ್ಲಿಸುವುದು ಎಲ್ಲಿಂದ? ಎಲ್ಲ ರಾಜ್ಯಗಳೂ ಒಂದೇ ಆವೃತ್ತಿಯ ಕೋಡ್ ಪಾಲಿಸುವುದಿಲ್ಲ. ನಿಮ್ಮಲ್ಲಿ ಇನ್ನೂ ಹಳೆಯದೇ ಇದ್ದರೆ, ಬಟನ್ ಮತ್ತು ಫಲಕ ಎರಡನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ.