ಔಷಧ ಅಲ್ರೀ, ಬರೇ ಬೇರು

"ಈ ಎದಿಯುರಿ ಗುಳಗಿ ಜೋಡಿ ಬ್ಯಾರೆ ಏನರ ಔಷಧ ತಗೋತೀರೇನ್ರಿ?" ಎಂದು ಡಾಕ್ಟರ್ ಕೇಳಿದರು.

"ಏನಿಲ್ರಿ" ಎಂದೆ.

ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಒಂದು ಲೋಟ ಜೀರಿಗೆ ಕಷಾಯ, ಅದರ ಮೇಲೆ ಪುದೀನಾ ನೀರು ಇದ್ದವು. ಆದರೂ ನಾನು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಔಷಧ ಅಂದರೆ ಪಟ್ಟಿಯಿಂದ ಚಟ್ ಎಂದು ಒಡೆದು ತೆಗೆಯುವ ಗುಳಿಗೆ. ಸ್ಟೀಲ್ ಡಬ್ಬಿಯಲ್ಲಿ ಇರುವುದೆಲ್ಲ ಅಡುಗೆಮನೆ ಸಾಮಾನು.

ನನ್ನ ಎದೆಯುರಿಗೆ ಹತ್ತು ವರ್ಷ ವಯಸ್ಸು. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಯಾಕೆ ಬಂತು ಅಂತ ಕೇಳಬಾರದು. ಜಿಟಿಜಿಟಿ ಮಳೆ, ದುರ್ಗದಬೈಲಿನ ಗಾಡಿ, ಮುಂದೆ ಗಿರ್ಮಿಟ್, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. "ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರ ಅಲ್ರೀ, ಬರೇ ಬಣ್ಣ" ಅಂತ ನಾನು ಬೆಂಗಳೂರಿನವರ ಹತ್ತಿರ ವಾದ ಮಾಡುವುದುಂಟು. ಅದು ನಿಜವೂ ಹೌದು. ಆದರೆ ಮಿರ್ಚಿಗೆ ಹಾಕುವುದು ಬ್ಯಾಡಗಿ ಅಲ್ಲ, ಹಸಿ ಮೆಣಸಿನಕಾಯಿ. ಆ ಮಾತನ್ನು ನಾನು ಎತ್ತುವುದಿಲ್ಲ.

ಮೊದಲು ರಾನಿಟಿಡಿನ್ ನುಂಗುತ್ತಿದ್ದೆ. 2020ರಲ್ಲಿ ಅಮೆರಿಕದವರು ಅದನ್ನು ಅಂಗಡಿಗಳಿಂದ ತೆಗೆಸಿದರು ಅಂತ ಪೇಪರಿನಲ್ಲಿ ಓದಿ, ನಾನೂ ನಮ್ಮ ಮನೆ ಡ್ರಾವರಿನಿಂದ ತೆಗೆದೆ. ಆಮೇಲೆ ಬಂದದ್ದು ಪ್ಯಾಂಟೊಪ್ರಜೋಲ್, 40 ಮಿಲಿಗ್ರಾಂ. ಅದನ್ನು ಬರಿಹೊಟ್ಟೆಯಲ್ಲಿ, ನಾಷ್ಟಾಕ್ಕೆ ಅರ್ಧ ತಾಸು ಮೊದಲು ತಗೋಬೇಕು. ನಾನು ನುಂಗುತ್ತಿದ್ದದ್ದು ಸಂಜೆ, ಮಿರ್ಚಿ ತಿಂದು ಕೈ ಒರೆಸಿಕೊಂಡ ಮೇಲೆ. ಮದುವೆ ಮುಗಿದ ಮೇಲೆ ಹಂದರ ಹಾಕಿದ ಹಾಗೆ.

ವರ್ಷಗಟ್ಟಲೆ ಅದನ್ನೇ ನುಂಗುತ್ತಾ ಕೂತರೆ ಬಿ12 ವಿಟಮಿನ್ ಕಡಿಮೆ ಆಗಬಹುದು, ನಿಧಾನವಾಗಿ ಇಳಿಸೋಣ ಎಂದರು ಡಾಕ್ಟರ್. ಮೊದಲು 20ಕ್ಕೆ, ಆಮೇಲೆ ದಿನ ಬಿಟ್ಟು ದಿನ, ನಡುವೆ ಉರಿ ಬಂದರೆ ರಾತ್ರಿ ಫ್ಯಾಮೋಟಿಡಿನ್. ಚೀಟಿಯಲ್ಲಿ ನೀಟಾಗಿ ಬರೆದೂ ಕೊಟ್ಟರು. ನಾನು ಅದರಲ್ಲಿ 'ಇಳಿಸುವುದು' ಎಂಬ ಒಂದೇ ಶಬ್ದ ಓದಿಕೊಂಡು, ಸೋಮವಾರ ಪೂರ್ತಿ ಬಿಟ್ಟುಬಿಟ್ಟೆ.

ಗುರುವಾರ ರಾತ್ರಿ ಗಂಟಲಲ್ಲಿ ಯಾರೋ ಒಲೆ ಹಚ್ಚಿದರು.

ಆಗಿದ್ದು ಇಷ್ಟು. ಈ ಗುಳಿಗೆ ಹೊಟ್ಟೆಯಲ್ಲಿ ಆಮ್ಲ ಬಿಡುವ ಪಂಪುಗಳನ್ನು ಬಂದ್ ಮಾಡಿ ಇಡುತ್ತದೆ. ಹೊಟ್ಟೆ ಸುಮ್ನೆ ಕೂರುವುದಿಲ್ಲ. 'ಯಾಕೋ ಹುಳಿ ಸಾಲದು' ಅಂತ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತಾ ಇರುತ್ತದೆ. ಗುಳಿಗೆ ಒಮ್ಮೆಲೇ ನಿಂತರೆ, ನಳ ಬಂದ ದಿನ ಓಣಿಯ ಅಷ್ಟೂ ಮನೆಯ ಮೋಟರುಗಳು ಒಟ್ಟಿಗೇ ಶುರುವಾದ ಹಾಗೆ. ಅದಕ್ಕೇ ಮೆಲ್ಲಗೆ ಇಳಿಸಬೇಕು. ಇದು ನನಗೆ ಗೊತ್ತಾಗಿದ್ದು ಆಮೇಲೆ. ಗುರುವಾರ ರಾತ್ರಿ ಗೊತ್ತಿದ್ದದ್ದು 'ಅಯ್ಯೋ ಯವ್ವಾ' ಮಾತ್ರ.

ಬೆಳಗ್ಗೆ ಬಾಜೂ ಮನೆ ಕಾಕು ಬಂದರು. "ಇಂಗ್ಲೀಷ್ ಗುಳಗಿ ಬಿಡೋ ಮಾರಾಯಾ" ಎಂದು ಅವಿಪತ್ತಿಕರ ಚೂರ್ಣದ ಡಬ್ಬಿ ಕೊಟ್ಟರು. ಪಿತ್ತಕ್ಕೆ ಹಳೆಯ ಕಾಲದ ಹೆಸರುವಾಸಿ ಚೂರ್ಣ. ಲವಂಗದ ವಾಸನೆ, ಸಕ್ಕರೆಯ ಸಿಹಿ. ಒಂದು ಚಮಚ ಅಂದಿದ್ದರು. ರುಚಿಯಾಗಿತ್ತು, ಮೂರು ತಿಂದೆ. ಅದರಲ್ಲಿ ತಿಗಡೆ ಬೇರೂ ಇರುತ್ತದೆ, ತಿಗಡೆಯ ಕೆಲಸವೇ ಹೊಟ್ಟೆ ಖಾಲಿ ಮಾಡಿಸುವುದು ಅಂತ ಕಾಕು ಹೇಳಲಿಲ್ಲ. ನಾನೂ ಕೇಳಲಿಲ್ಲ.

ತಿಗಡೆ ತನ್ನ ಕೆಲಸ ಶುರು ಮಾಡಿದಾಗ ನಾನು ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿದ್ದೆ. ಉಣಕಲ್ ಕೆರೆ ದಾಟುವಾಗ ಸಣ್ಣ ಗುಡುಗು. ನವನಗರದಲ್ಲಿ ಬೆವರು. ಎಸಿ ಬಸ್ಸಿನಲ್ಲಿ ಬೆವರುವವನನ್ನು ನೋಡಿ ಪಕ್ಕದವರು "ಎದಿ ನೋವೇನ್ರೀ?" ಎಂದು ಗಾಬರಿಯಾದರು. ಅದಕ್ಕೆ ಏನಂತ ಉತ್ತರ ಕೊಡಲಿ? ಚಿಗರಿಗೆ ಬೇರೆಯೇ ದಾರಿ, ಟ್ರಾಫಿಕ್ ಇಲ್ಲ, ವೇಗ ಜಾಸ್ತಿ ಅಂತ ಊರೆಲ್ಲ ಹೊಗಳುತ್ತದೆ. ಅವತ್ತು ನನಗೆ ಅದು ಎತ್ತಿನ ಗಾಡಿ. ರಾಯಾಪುರದಲ್ಲಿ ಇಳಿದು ಓಡಿದೆ. ಎಲ್ಲಿಗೆ ಓಡಿದೆ ಎಂಬುದು ಬೇಡ. ಪುಣ್ಯಾತ್ಮರು ಬಾಗಿಲು ತೆರೆದರು.

ಚೂರ್ಣ ಬಿಟ್ಟು ಜ್ಯೇಷ್ಠಮಧು ಹಿಡಿದೆ. ಇದು ತಂಪು, ಸಿಹಿ, ಓಡಿಸುವುದೂ ಇಲ್ಲ. ಆಫೀಸಿನಲ್ಲಿ ಕೂತು ದಿನವಿಡೀ ಆ ಬೇರನ್ನು ಕಡಿಯುತ್ತಿದ್ದೆ. ಉರಿಯೂ ಸ್ವಲ್ಪ ಕಡಿಮೆ ಅನಿಸಿತು. ನಡುವೆ ತಲೆ ಕಡೆ ಮಂಚ ಆರು ಇಂಚು ಎತ್ತರ ಇರಲಿ ಎಂಬ ಡಾಕ್ಟರ ಮಾತು ನೆನಪಾಗಿ ಮಗನಿಗೆ ಇಟ್ಟಿಗೆ ಇಡಲು ಹೇಳಿದೆ. ಅವನು ಫೋನ್ ನೋಡುತ್ತಾ ಕಾಲಿನ ಕಡೆ ಇಟ್ಟ. ಒಂದು ರಾತ್ರಿ ಇಡೀ ಹೊಟ್ಟೆಯಲ್ಲಿದ್ದದ್ದೆಲ್ಲ ಇಳಿಜಾರಿನಲ್ಲಿ ಗಂಟಲಿಗೆ ಬಂತು. ಇರಲಿ.

ತಿಂಗಳ ಮೇಲೆ ಡಾಕ್ಟರ ಹತ್ತಿರ ಹೋದಾಗ ಬಿಪಿ 160/100. ಪಾದ ಬೇರೆ ಊದಿದ್ದವು. ಬಿಪಿ ಗುಳಿಗೆ ತಪ್ಪಿಸಿದ್ದೀರಾ ಎಂದರು. ಇಲ್ಲ. ಉಪ್ಪು? ಇಲ್ಲ. "ಬ್ಯಾರೆ ಏನರ ಔಷಧ?"

"ಏನಿಲ್ರಿ" ಎಂದೆ. ಬಾಯಿ ತೆರೆದಾಗ ಹಲ್ಲಿನ ಸಂದಿಯಲ್ಲಿ ಒಂದು ನಾರು ಕಂಡಿರಬೇಕು. ನಮ್ಮಾಕಿ ಸುಮ್ಮನಿರಲಿಲ್ಲ. "ಅವರ ಅಂಗಿ ಕಿಸೆ ನೋಡ್ರಿ ಡಾಕ್ಟರ್ರ" ಎಂದಳು.

ಕಿಸೆಯಿಂದ ನಾಲ್ಕು ಬೇರು ಬಿದ್ದವು.

"ಔಷಧ ಅಲ್ರೀ, ಬರೇ ಬೇರು" ಎಂದೆ. ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಜ್ಯೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಅಂತ ಒಂದು ಇರುತ್ತದಂತೆ. ಜಾಸ್ತಿ ತಿಂದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಬಿಪಿ ಗುಳಿಗೆ ಕೆಳಗೆ ಎಳೆಯುತ್ತಿದ್ದರೆ ನಾನು ಬೇರು ಕಡಿದು ಮೇಲೆ ಹತ್ತಿಸುತ್ತಿದ್ದೆ. ಪುದೀನಾ ನೀರೂ ಬೇಡವಂತೆ. ಅನ್ನನಾಳದ ಕೆಳಗಿನ ಬಾಗಿಲನ್ನು ಅದು ಸಡಿಲ ಮಾಡಬಹುದು. ಅಂದರೆ ಇಷ್ಟು ದಿನ ತಂಪು ಅಂತ ಕುಡಿದು ನಾನೇ ಬಾಗಿಲು ತೆರೆದಿಟ್ಟಿದ್ದೆ.

"ಮುಂದಿನ ಸಲ ಬಾಯಾಗ ಏನೇನು ಹಾಕೋತೀರಿ, ಎಲ್ಲಾ ಬರಕೊಂಡ ಬರ್ರಿ" ಎಂದರು.

ಹದಿನೈದು ದಿನ ಬಿಟ್ಟು ಪಟ್ಟಿ ಒಯ್ದೆ. ಪ್ಯಾಂಟೊಪ್ರಜೋಲ್ 20, ಬಿಪಿ ಗುಳಿಗೆ, ಫ್ಯಾಮೋಟಿಡಿನ್ ಎರಡು ಸಲ. ಚೂರ್ಣ, ಪುದೀನಾ, ಜ್ಯೇಷ್ಠಮಧು ಮೂರಕ್ಕೂ ಗೆರೆ ಎಳೆದಿದ್ದೆ. ಬಿಪಿಯೂ ಇಳಿದಿತ್ತು. ಡಾಕ್ಟರ್ ಖುಷಿಯಿಂದ ಓದುತ್ತಾ ಹೋದವರು ಕೊನೆಯ ಸಾಲಿಗೆ ನಿಂತರು. ಅದು ನನ್ನ ಅಕ್ಷರ ಅಲ್ಲ. 'ಮಿರ್ಚಿ, ದಿನಾ ನಾಕು' ಎಂದು ನಮ್ಮಾಕಿ ಬರೆದಿದ್ದಳು.

"ಇದು ಊಟಕ್ಕಿಂತ ಮದಲೇನ್ರಿ, ಊಟ ಆದ ಮ್ಯಾಲೇನ್ರಿ?" ಎಂದು ಗಂಭೀರವಾಗಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮಾಕಿ ಹೇಳಿದಳು: "ಅದೇ ಊಟಾರೀ ಇವರಿಗೆ."