ಮಂಗಳೂರು ವಿಮಾನದಲ್ಲಿ ಉತ್ತರದ ಕಿಟಕಿ

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ನಾವು, ವಿಮಾನದಲ್ಲಿ ಮಾತ್ರ ಕಂಪ್ಯೂಟರ್ ಕೊಟ್ಟ ಕಡೆ ತೆಪ್ಪಗೆ ಕೂರುತ್ತೇವೆ. ದುಡ್ಡು ಕೊಟ್ಟು ಕಿಟಕಿ ತೆಗೆದುಕೊಂಡವರೂ ಎಡವೋ ಬಲವೋ ಅಂತ ಯೋಚಿಸುವುದಿಲ್ಲ. ರಾತ್ರಿ ದುಬೈಗೆ ಹೊರಟವರಿಗೆ ಯಾವ ಬದಿಯಾದರೇನು ಬಿಡಿ. ಬೆಂಗಳೂರು–ಮಂಗಳೂರಿನಂಥ ಒಂದು ಗಂಟೆಯ ಹಾರಾಟಕ್ಕೆ ಬದಿಯೇ ಮುಖ್ಯ.

ನನ್ನ ವಾದ ಇಷ್ಟೆ: ಕಿಟಕಿ ಪಕ್ಕದ ಸೀಟುಗಳಲ್ಲಿ ಎ ಒಳ್ಳೆಯದೋ ಎಫ್ ಒಳ್ಳೆಯದೋ ಅಂತ ಕೇಳಬೇಡಿ, ಉತ್ತರದ ಕಿಟಕಿ ಯಾವುದು ಅಂತ ಕೇಳಿ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕಿದೆ. ಹೋಗುವಾಗ ಬಲಗಡೆಯ ಎಫ್ ಉತ್ತರ, ಬರುವಾಗ ಎಡಗಡೆಯ ಎ ಉತ್ತರ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಮ್ಮೂರಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೇ ಇರುತ್ತಾನೆ. ದಕ್ಷಿಣದ ಕಿಟಕಿಯವರು ಕಣ್ಣು ಕಿರಿದು ಮಾಡಿಕೊಂಡು ಕೊನೆಗೆ ಶೇಡ್ ಎಳೆಯುತ್ತಾರೆ. ಉತ್ತರದವರಿಗೆ ಬಿಸಿಲು ಬೆನ್ನ ಹಿಂದಿನಿಂದ ಬಂದು ಬೆಟ್ಟದ ಮೇಲೆ ಬೀಳುತ್ತದೆ.

ಬೆಟ್ಟಗಳೂ ಅದೇ ಕಡೆ. ಏರಿದ ಕೂಡಲೇ ನಂದಿಬೆಟ್ಟ, ತುಮಕೂರಿನ ಹತ್ತಿರ ದೇವರಾಯನದುರ್ಗ. ಅಲ್ಲಿಂದ ಹಾಸನದವರೆಗೆ ಕೆರೆಗಳು, ತೆಂಗಿನ ತೋಟಗಳು, ಹೇಳಿಕೊಳ್ಳುವಂಥದ್ದೇನಿಲ್ಲ. ಜ್ಯೂಸ್ ಕುಡಿಯುವುದಿದ್ದರೆ ಆಗಲೇ ಕುಡಿದುಬಿಡಿ. ಬೇಲೂರು ದಾಟುವಾಗ ದೂರದಲ್ಲಿ ಬಾಬಾಬುಡನ್‌ಗಿರಿಯ ಸಾಲು, ಅದರಲ್ಲಿ ಮುಳ್ಳಯ್ಯನಗಿರಿ. ಆಮೇಲಿನ ಐದು ನಿಮಿಷಕ್ಕೇ ನಾನು ದುಡ್ಡು ಕೊಡುವುದು. ಚಾರ್ಮಾಡಿಯ ಹತ್ತಿರ ನೆಲ ದಿಢೀರನೆ ಕುಸಿಯುತ್ತದೆ. 1,894 ಮೀಟರಿನ ಕುದುರೆಮುಖ, ಅದರ ಬುಡದಲ್ಲಿ ಒಂಟಿ ಬಂಡೆಯ ಗಡಾಯಿಕಲ್ಲು, ಮುಂದೆ ಬೆಳ್ತಂಗಡಿಯ ಅಡಿಕೆ ತೋಟಗಳು. ಘಟ್ಟವನ್ನು ಬಸ್ಸಿನಲ್ಲಿ ಎಷ್ಟು ಸಲ ಇಳಿದರೂ ಅದೊಂದು ಗೋಡೆ ಅನ್ನುವುದು ಮೇಲಿನಿಂದ ನೋಡಿದಾಗಲೇ ಅರ್ಥವಾಗುವುದು.

ಎಡಗಡೆಯೇ ಚೆಂದ ಅನ್ನುವವರೂ ಇದ್ದಾರೆ. ಗೊರೂರಿನ ಹೇಮಾವತಿ ಹಿನ್ನೀರು, ಕುಮಾರಪರ್ವತ, ಬಂಟ್ವಾಳದ ನೇತ್ರಾವತಿ ಎಲ್ಲಾ ಆ ಕಡೆ. ಮೇ ತಿಂಗಳಲ್ಲಾದರೆ ಒಪ್ಪುತ್ತೇನೆ, ಆಗ ನಡುಹಗಲ ಸೂರ್ಯ ನಮ್ಮ ಉತ್ತರಕ್ಕೆ ಬಂದಿರುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಳವೇ ಬೇಡ, ಎರಡೂ ಕಡೆ ಬರೀ ಮೋಡ.

ಇನ್ನು ಸಾಲಿನ ಮಾತು. ಜೆಟ್ ವಿಮಾನದಲ್ಲಿ ರೆಕ್ಕೆ ಕಿಟಕಿಯ ಕೆಳಗಿರುವುದರಿಂದ ನಡುವಿನ ಸಾಲಿನವರಿಗೆ ಅಲ್ಯೂಮಿನಿಯಂ ತಗಡಿನ ದರ್ಶನ ಮಾತ್ರ. ರೆಕ್ಕೆಯ ಹಿಂದೆ ಕೂತರೆ ಇಂಜಿನ್ನಿನ ಬಿಸಿಗಾಳಿಗೆ ದೃಶ್ಯವೆಲ್ಲ ನಡುಗುತ್ತದೆ. ಹಾಗಾಗಿ ಮುಂದಿನ ಸಾಲು. ಬೋಯಿಂಗ್ 737ರಲ್ಲಿ ಇನ್ನೊಂದು ತಮಾಷೆ ಇದೆ: ಎಸಿಯ ಕೊಳವೆ ಗೋಡೆಯೊಳಗೆ ಹಾದುಹೋಗುವಲ್ಲಿ ಕಿಟಕಿಯನ್ನೇ ಇಟ್ಟಿಲ್ಲ. ವಿಂಡೋ ಸೀಟು ಅಂತ ದುಡ್ಡು ಕೊಟ್ಟವರು ಅಲ್ಲಿ ಗೋಡೆ ನೋಡಿಕೊಂಡು ಕೂರಬೇಕು.

ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ ಸಿಕ್ಕರೆ ಅದೃಷ್ಟ. ಫ್ಯಾನ್ ವಿಮಾನ, ಕುಲುಕುತ್ತದೆ ಅಂತ ಮೂಗು ಮುರಿಯುವವರೇ ಜಾಸ್ತಿ. ಆದರೆ ಅದರ ರೆಕ್ಕೆ ತಲೆಯ ಮೇಲಿದೆ, ಕೆಳಗೆ ನೋಡಲು ಅಡ್ಡಿಯಿಲ್ಲ. 25,000 ಅಡಿಗಿಂತ ಮೇಲೆ ಹೋಗುವುದೂ ಇಲ್ಲ, ಹಾಗಾಗಿ ಊರು, ಹೊಳೆ, ರಸ್ತೆ ಗುರುತು ಹಿಡಿಯಬಹುದು. ಅದರಲ್ಲಿ ಮಾತ್ರ ಹಿಂದಿನ ಸಾಲು ತಗೊಳ್ಳಿ, ಮುಂದೆ ಕೂತರೆ ಪ್ರೊಪೆಲ್ಲರ್ ಅಡ್ಡ ಬರುತ್ತದೆ.

ಇಳಿಯುವಾಗ ಏನು ಕಾಣುತ್ತದೆ ಅನ್ನುವುದು ಗಾಳಿಯ ಕೈಯಲ್ಲಿದೆ. ಕೆಲವು ದಿನ ಘಟ್ಟದ ಕಡೆಯಿಂದಲೇ ಸೀದಾ ಬಜ್ಪೆಯ ಗುಡ್ಡಕ್ಕೆ ಇಳಿಸುತ್ತಾರೆ. ಇನ್ನು ಕೆಲವು ದಿನ ಸಮುದ್ರದ ಮೇಲೆ ಹೋಗಿ ತಿರುಗಿ ಬರುತ್ತದೆ. ಆಗ ಎಡಗಡೆಯವರಿಗೆ ಪಣಂಬೂರಿನ ಬಂದರು, ಬಲಗಡೆಯವರಿಗೆ ಮಂಗಳೂರು ಪೇಟೆ, ಅದರಾಚೆ ನೇತ್ರಾವತಿ–ಫಲ್ಗುಣಿ ಕಡಲು ಸೇರುವ ಅಳಿವೆ. ಇಲ್ಲೂ ನನ್ನ ವೋಟು ಎಫ್‌ಗೇ. ಕಿಟಕಿ ಹಿಡಿದು ಶೇಡ್ ಎಳೆದು ನಿದ್ದೆ ಹೊಡೆಯುವ ಮಹನೀಯರು ದಯವಿಟ್ಟು ಐಲ್ ಸೀಟು ತಗೊಳ್ಳಿ, ಶೌಚಾಲಯಕ್ಕೂ ಹತ್ತಿರ.